ಸಮುದ್ರಜಲ ಅಕ್ವೇರಿಯಂ: ಮೀನು ಹಾಗೂ ಹವಳಗಳ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಭಾಗಗಳಲ್ಲಿ ಮನೆ, ಹೋಟೆಲ್ ಅಥವಾ ಅಂಗಡಿಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಸ್ಥಾಪಿಸಲು ಅಪೇಕ್ಷಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಗೋಲ್ಡ್ ಫಿಷ್, ಗಪ್ಪಿ ಮುಂತಾದ ಸಿಹಿನೀರಿನ ಮೀನು ಸಾಕಿದ ಅನುಭವ ಇಲ್ಲಿ ಭಾಗಶಃ ಮಾತ್ರ ಉಪಯೋಗಕ್ಕೆ ಬರುತ್ತದೆ. ಗಾಜಿನ ತೊಟ್ಟಿ ಖರೀದಿಸುವ ಮುನ್ನವೇ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಹವಳದ ಬಗ್ಗೆ ಕಾನೂನು

ಹವಳವು ಗಿಡವೂ ಅಲ್ಲ, ಕಲ್ಲೂ ಅಲ್ಲ, ಅದು ಪ್ರಾಣಿ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ ಹಾಗೂ ಸಮುದ್ರ ಬೀಸಣಿಗೆಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ಕ್ಕೆ ಸೇರಿಸಲಾಯಿತು. ಹುಲಿಯೂ ಇದೇ ಅನುಸೂಚಿಯಲ್ಲಿದೆ ಎಂಬುದರಿಂದ ವಿಷಯದ ಗಾಂಭೀರ್ಯವನ್ನು ಅರಿಯಬಹುದು. ಈ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷಗಳ ಕಾರಾಗೃಹವಾಸ ಹಾಗೂ ದಂಡ ವಿಧಿಸಲು ಅವಕಾಶವಿದೆ. ಕಡಲಕುದುರೆಗೂ 2001ರಲ್ಲೇ ಕಾನೂನಿನ ರಕ್ಷಣೆ ದೊರೆಯಿತು. ಅದನ್ನು ಸಹ ಖರೀದಿಸಬಾರದು.

"ಇದು ವಿದೇಶದ ಹವಳ, ತೊಂದರೆ ಇಲ್ಲ" ಎಂಬ ಮಾರಾಟಗಾರರ ಮಾತನ್ನು ನಂಬಿ ಹಣ ಪಾವತಿಸಬಾರದು. ಜೀವಂತ ಹವಳ ಅಂಟಿಕೊಂಡಿರುವ ಸಮುದ್ರದ ಕಲ್ಲುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಸಂದೇಹವಿದ್ದಲ್ಲಿ ಖರೀದಿಗೆ ಮುನ್ನವೇ ಅರಣ್ಯ ಇಲಾಖೆಯನ್ನು ಲಿಖಿತವಾಗಿ ವಿಚಾರಿಸುವುದು ಕ್ಷೇಮ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಹಾಗೂ ಹಂಪಿ ಆ ಜಿಲ್ಲೆಗೆ ಸೇರಿದ್ದು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಅರ್ಜಿದಾರರು ತಮ್ಮ ಜಿಲ್ಲೆಯ ಕಛೇರಿಯನ್ನೇ ಸಂಪರ್ಕಿಸತಕ್ಕದ್ದು.

ಆದುದರಿಂದ ಹೊಸದಾಗಿ ಆರಂಭಿಸುವವರಿಗೆ ಸೂಕ್ತವಾದುದು ಒಣ ಕಲ್ಲು ಅಥವಾ ಅಕ್ವೇರಿಯಂಗೆಂದೇ ತಯಾರಿಸಿದ ಸಿರಾಮಿಕ್ ಕಲ್ಲು, ಕೃತಕ ಹವಳ ಹಾಗೂ ಮೀನುಗಳನ್ನು ಮಾತ್ರ ಒಳಗೊಂಡ ತೊಟ್ಟಿ. ಜೀವಂತ ಹವಳವನ್ನು ಅದರ ನೆಲೆಯಲ್ಲಿಯೇ ನೋಡಬಯಸುವವರಿಗೆ ನಮ್ಮ ರಾಜ್ಯದಲ್ಲಿಯೇ ಮುರ್ಡೇಶ್ವರದ ಸಮೀಪ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವಿದೆ.

ನೀರು ಮತ್ತು ತಾಪಮಾನ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. 200 ಲೀಟರ್ ತೊಟ್ಟಿಗೆ ಸುಮಾರು 7 ಕೆ.ಜಿ. ಸಮುದ್ರ ಲವಣ ಮಿಶ್ರಣ ಬೇಕಾಗುತ್ತದೆ. ಅಡುಗೆ ಉಪ್ಪಿನಲ್ಲಿ ಅಗತ್ಯ ಪ್ರಮಾಣದ ಕ್ಯಾಲ್ಸಿಯಂ, ಮೆಗ್ನೀಷಿಯಂ ಇಲ್ಲದಿರುವುದರಿಂದ ಅದನ್ನು ಬಳಸಬಾರದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆ ಬಾವಿಯ ನೀರು ಗಡಸಾಗಿರುವುದು ಸಾಮಾನ್ಯ. ಸಂಡೂರು ಕಬ್ಬಿಣದ ಅದಿರಿನ ಪ್ರದೇಶವಾದ್ದರಿಂದ ಅಲ್ಲಿ ನೀರನ್ನು ಪರೀಕ್ಷಿಸಿಯೇ ಬಳಸುವುದು ಒಳಿತು. ಸಾಧ್ಯವಿದ್ದ ಕಡೆ ಆರ್.ಓ. ನೀರನ್ನೇ ಉಪಯೋಗಿಸತಕ್ಕದ್ದು.

ಹವಳ ದಿಬ್ಬಗಳ ಮೀನುಗಳಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತಕರ. ಈ ಭಾಗದ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಗಾಳಿಯ ತಾಪಮಾನವೇ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಅಳವಡಿಸಿದಲ್ಲಿ ತಾಪಮಾನ ಎರಡು ಮೂರು ಡಿಗ್ರಿ ಇಳಿಯಬಹುದು. ಅದಕ್ಕಿಂತ ಹೆಚ್ಚಿಗೆ ಚಿಲ್ಲರ್ ಯಂತ್ರವೇ ಬೇಕು, ಅದು ದುಬಾರಿ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದ ನೀರನ್ನು ಸಿಹಿನೀರಿನಿಂದಲೇ ಭರ್ತಿ ಮಾಡಬೇಕು. ಹಲವರು ಇಲ್ಲಿಯೇ ತಪ್ಪುತ್ತಾರೆ. ವಿದ್ಯುತ್ ನಿಲುಗಡೆಯ ಸಮಯಕ್ಕೆ ಬ್ಯಾಟರಿ ಚಾಲಿತ ಏರ್ ಪಂಪ್ ಇರಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು.

ಮೀನುಗಳ ಆಯ್ಕೆ

ನೀರು ತುಂಬಿದ ದಿನವೇ ಮೀನು ಬಿಡಬಾರದು. ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ತದನಂತರ ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಖಾಲಿ ತೊಟ್ಟಿಗೆ ಅಲ್ಪ ಪ್ರಮಾಣದ ಮೀನಿನ ಆಹಾರ ಹಾಕುತ್ತಾ, ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ ಮತ್ತೆ ಶೂನ್ಯಕ್ಕಿಳಿದ ನಂತರವೇ ಮೊದಲ ಮೀನು.

ಮೊದಲ ಮೀನಾಗಿ ಹ್ಯಾಚರಿಯಲ್ಲಿ ಮರಿ ಮಾಡಿದ ಕ್ಲೌನ್ ಮೀನು ಎಲ್ಲ ದೃಷ್ಟಿಯಿಂದಲೂ ಉತ್ತಮ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಮಂಡಪಂ ಹಾಗೂ ವಿಳಿಂಜಂ ಕೇಂದ್ರಗಳಲ್ಲಿ ಇವುಗಳ ಸಂತಾನೋತ್ಪಾದನಾ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ಇಂತಹ ಮೀನುಗಳು ತೊಟ್ಟಿಗೂ ಒಣ ಆಹಾರಕ್ಕೂ ಮೊದಲೇ ಒಗ್ಗಿರುತ್ತವೆ. ಸಮುದ್ರದಿಂದ ಹಿಡಿದು ತರಬೇಕಾದ ಅಗತ್ಯವೂ ಇರುವುದಿಲ್ಲ. ಕ್ಲೌನ್ ಮೀನುಗಳೆಲ್ಲವೂ ಮೊದಲು ಗಂಡಾಗಿದ್ದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಪರಿವರ್ತನೆ ಹೊಂದುತ್ತದೆ. ಆದ್ದರಿಂದ ಗಾತ್ರದಲ್ಲಿ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ತಂದಲ್ಲಿ ಕಾದಾಟ ಕಡಿಮೆ. ಸಮುದ್ರ ಹೂವು ಇಲ್ಲದೆಯೂ ಅವು ತೊಟ್ಟಿಯಲ್ಲಿ ಆರೋಗ್ಯವಾಗಿ ಬಾಳುತ್ತವೆ.

ಡ್ಯಾಮ್ಸೆಲ್ ಮೀನುಗಳು ಗಟ್ಟಿಮುಟ್ಟಾದರೂ ಜಗಳಗಂಟ ಸ್ವಭಾವದವು. ಅವನ್ನು ಕೊನೆಯಲ್ಲಿ ಬಿಡುವುದು ಸೂಕ್ತ. ಚಲನಚಿತ್ರದಿಂದ ಮಕ್ಕಳಿಗೆ ಪರಿಚಿತವಾದ ನೀಲಿ ಟ್ಯಾಂಗ್ ಸುಮಾರು 30 ಸೆಂ.ಮೀ. ವರೆಗೆ ಬೆಳೆಯುವುದರಿಂದ ಮನೆಯ ಸಣ್ಣ ತೊಟ್ಟಿಗೆ ಹೊಂದುವುದಿಲ್ಲ. ಮ್ಯಾಂಡರಿನ್ ಮೀನು ಜೀವಂತ ಸೂಕ್ಷ್ಮ ಜೀವಿಗಳನ್ನೇ ತಿನ್ನುವಂತಹುದು, ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ. ಲಯನ್ ಫಿಷ್‌ನ ಮುಳ್ಳುಗಳು ವಿಷಯುಕ್ತವಾದ್ದರಿಂದ ಮಕ್ಕಳಿರುವ ಮನೆಗೆ ತರಬಾರದು. 200 ಲೀಟರ್ ತೊಟ್ಟಿಗೆ ನಾಲ್ಕೈದು ಸಣ್ಣ ಮೀನುಗಳು ಸಾಕು.

ದೂರದ ಊರಿನಿಂದ ತರಿಸಿದ ಮೀನನ್ನು ಸುಮಾರು 4 ವಾರ ಪ್ರತ್ಯೇಕ ತೊಟ್ಟಿಯಲ್ಲಿರಿಸಿ, ಬಿಳಿ ಚುಕ್ಕೆ ರೋಗವಿಲ್ಲವೆಂದು ಖಚಿತವಾದ ನಂತರ ಮುಖ್ಯ ತೊಟ್ಟಿಗೆ ವರ್ಗಾಯಿಸತಕ್ಕದ್ದು. ತಾಮ್ರಯುಕ್ತ ಔಷಧಿಯನ್ನು ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ ಬಳಸಬೇಕು. ಅದು ಸೀಗಡಿ, ಶಂಖದ ಹುಳುಗಳಿಗೆ ಮಾರಕ.

ಬದಲಾಯಿಸಿದ 20 ಲೀಟರ್ ನೀರಿನಲ್ಲಿ ಸುಮಾರು 700 ಗ್ರಾಂ ಲವಣ ಇರುತ್ತದೆ. ಅದನ್ನು ಗಿಡಗಳ ಬುಡಕ್ಕಾಗಲಿ, ಗದ್ದೆ ಕಾಲುವೆಗಾಗಲಿ ಸುರಿಯದೆ ಒಳಚರಂಡಿಗೆ ಬಿಡಬೇಕು. ಸಾಕಲಾಗದ ಮೀನುಗಳನ್ನು ತುಂಗಭದ್ರಾ ನದಿಗೆ ಅಥವಾ ಜಲಾಶಯಕ್ಕೆ ಬಿಡಬಾರದು; ಸಿಹಿನೀರಿನಲ್ಲಿ ಅವು ಬದುಕುವುದಿಲ್ಲ. ಖರೀದಿಸಿದ ಅಂಗಡಿಗೆ ಅಥವಾ ಬೇರೆ ಸಾಕಣೆದಾರರಿಗೆ ಹಿಂತಿರುಗಿಸತಕ್ಕದ್ದು.