ನೌಬಾದ್: ಮೇಲೆ ವಿಮಾನ, ಕೆಳಗೆ ಸುರಂಗ ಬಾವಿ

ನಾನು ಬೆಳೆದದ್ದು ಬೀದರಿನ ನೌಬಾದ್‌ನಲ್ಲಿ. ವಾಯುಪಡೆಯ ವಿಮಾನ ನೆತ್ತಿಯ ಮೇಲೆ ಹಾದರೆ ಮಾತು ಅರ್ಧಕ್ಕೆ ನಿಲ್ಲಿಸುವುದು, ಸದ್ದಡಗಿದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ನಮ್ಮ ಓಣಿಯ ರೂಢಿ. ಭಾಲ್ಕಿಯಿಂದ ಬಂದ ಬೀಗರು ಬೆಚ್ಚಿಬಿದ್ದರೆ ಮುತ್ಯಾ ನಗುತ್ತಿದ್ದ: "ಎರಡ್ ದಿನಾ ಇರ್ರಿ, ರೂಢಿ ಆತದ."

ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಸಮತಟ್ಟಾದ ಈ ನೆಲದಲ್ಲಿ ನಿಜಾಮನ ಕಾಲಕ್ಕೇ ವಿಮಾನ ಇಳಿಯುತ್ತಿತ್ತು. 1948ರಲ್ಲಿ ಆಸ್ಟ್ರೇಲಿಯಾದ ಪೈಲಟ್ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರೋರಾತ್ರಿ ಹೈದರಾಬಾದ್ ಸಂಸ್ಥಾನಕ್ಕೆ ಶಸ್ತ್ರಾಸ್ತ್ರ ತಂದಿಳಿಸಿದ ತಾಣಗಳಲ್ಲಿ ಬೀದರೂ ಒಂದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, ನಿಜಾಮಶಾಹಿ ಮುಗಿಯಿತು. 1963ರಿಂದ ಇಲ್ಲಿ ಪೈಲಟ್‌ಗಳ ತರಬೇತಿ ನಡೆದಿದೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿಯೇ. ಕಿರಣ್ ತರಬೇತಿ ವಿಮಾನಗಳ ಜೊತೆಗೆ 2008ರಲ್ಲಿ ಹಾಕ್ ವಿಮಾನ ಬಂದಾಗ ಓಣಿಯ ಹುಡುಗರು ತಲೆ ಎತ್ತದೆಯೇ ಹೇಳುತ್ತಿದ್ದರು, ಇದು ಕಿರಣ್, ಅದು ಹಾಕ್ ಎಂದು. ಜನಸಾಮಾನ್ಯರು ಹತ್ತುವ ವಿಮಾನಕ್ಕೆ ಮಾತ್ರ 2020ರವರೆಗೆ ಕಾಯಬೇಕಾಯಿತು.

ವಿಮಾನಕ್ಕೆ ಸಮತಟ್ಟು ಕೊಟ್ಟ ಇದೇ ಜಂಬಿಟ್ಟಿಗೆ ಅದಕ್ಕೂ ಐದು ಶತಮಾನ ಮೊದಲು ನೀರು ಕೊಟ್ಟಿತ್ತು. ತೂತುತೂತಾದ ಈ ಕಲ್ಲು ಮಳೆನೀರನ್ನು ಹೀರಿ ಒಳಗಿಳಿಸುತ್ತದೆ. ಅಡಿಯ ಗಟ್ಟಿ ಪದರ ಅದನ್ನು ತಡೆಯುತ್ತದೆ. ಬಹಮನಿಗಳ ಕಾಲದ ಕೆಲಸಗಾರರು ಪರ್ಷಿಯಾದ ಕರೇಜ್ ವಿದ್ಯೆಯಿಂದ ಅಲ್ಲಿಗೆ ಸುರಂಗ ಕೊರೆದರು. ನೀರಿನ ಮೂಲವಾದ ತಾಯಿಬಾವಿಯಿಂದ ಅತಿ ಸಣ್ಣ ಇಳಿಜಾರಿನಲ್ಲಿ, ಯಾವ ಯಂತ್ರವೂ ಇಲ್ಲದೆ, ನೀರು ತಾನಾಗಿ ಹರಿಯಬೇಕು. ನೌಬಾದಿನ ಸುರಂಗ ಸುಮಾರು 3 ಕಿ.ಮೀ. ಉದ್ದ. ಗಾಳಿ, ಬೆಳಕಿಗೆ, ಹೂಳೆತ್ತಲು ಮೇಲಿನಿಂದ ಸಾಲಾಗಿ ಬಾವಿ ತೋಡಿದ್ದಾರೆ.

ಆಕಾಶ ನೋಡಿ ಬೆಳೆದ ನಾವು ಕಾಲಡಿಯದನ್ನು ಮರೆತೆವು. ಕೆಲವು ಗಾಳಿಬಾವಿಗಳಿಗೆ ಕಸ, ಮಣ್ಣು ತುಂಬಿತು, ಸುತ್ತ ಮನೆಗಳೆದ್ದವು. ಬೀದರ್ ನಗರವನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ಪರಂಪರೆಯ ತಾಣಗಳ 2014ರ ತನ್ನ ಪಟ್ಟಿಗೆ ಸೇರಿಸಿದ ಮೇಲೆ, ಹೂಳೆತ್ತುವ ಕೆಲಸ ನಡೆದ ಮೇಲೆ ಹೊರಗಿನವರು ಈ ಸುರಂಗ ಬಾವಿಯನ್ನು ನೋಡಲು ಬರತೊಡಗಿದರು.

ವಾಯುನೆಲೆಯನ್ನು ಕಾಯಲು ಸರ್ಕಾರವಿದೆ, ಬೇಲಿಯಿದೆ. ಸುರಂಗ ಬಾವಿಗೆ ಇರುವವರು ನಾವೇ. ನೌಬಾದಿನಲ್ಲಿ ಪ್ಲಾಟ್ ಕೊಳ್ಳುವವರು ಪಾಯ ತೋಡುವ ಮುನ್ನ ಅಕ್ಕಪಕ್ಕ ಗಾಳಿಬಾವಿ ಇದೆಯೇ ಎಂದು ಒಮ್ಮೆ ವಿಚಾರಿಸಿರಿ. ಒಂದು ಕಡೆ ಸುರಂಗ ಕುಸಿದರೆ ಅದರಾಚೆಗೆ ನೀರು ಹರಿಯದು.