ಬಂದ ತಾರೀಖು ಯಾವುದು?

ನೆರವು ಬೇಡಿ ಬಂದವನಿಗೆ ನಾಲ್ಕು ಪ್ರಶ್ನೆ ಕೇಳಿದರೆ ಅವನು ಉತ್ತರ ಕೊಡದೆ ಎದ್ದು ಹೋಗುವುದುಂಟು. ಕೇಳಿದವರಿಗೆ ಇದು ಸೋಜಿಗ. ಸಹಾಯ ಬೇಕಾದದ್ದು ಅವನಿಗೆ, ವಿವರ ಗೊತ್ತಿರುವುದೂ ಅವನಿಗೇ. ಹೇಳಿದರೆ ಗಂಟೇನು ಹೋಗುತ್ತದೆ ಎಂದು ಆಡಿಕೊಳ್ಳುತ್ತೇವೆ. ಸೋಮಾರಿತನ, ಅಸಡ್ಡೆ ಎಂಬ ಮಾತುಗಳೂ ಬರುತ್ತವೆ. ದೇಶವಿಭಜನೆಯ ನಂತರದ ಕೋಲ್ಕತ್ತದ ಚರಿತ್ರೆಯನ್ನು ಓದಿದವರು ಈ ಮಾತುಗಳನ್ನು ಅಷ್ಟು ಸಲೀಸಾಗಿ ಆಡಲಾರರು.

ಪಂಜಾಬಿನಲ್ಲಿ ಜನರ ವಲಸೆ ಬಹುಮಟ್ಟಿಗೆ ಕೆಲವೇ ತಿಂಗಳುಗಳಲ್ಲಿ ನಡೆದುಹೋಯಿತು. ಬಂಗಾಳದಲ್ಲಿ ಹಾಗಾಗಲಿಲ್ಲ. ಪೂರ್ವ ಬಂಗಾಳದ ಹಿಂದೂಗಳು ಎರಡು ದಶಕಗಳಿಗೂ ಮೀರಿ, ಅಲೆ ಅಲೆಯಾಗಿ ಬಂದರು. 1950ರ ಗಲಭೆಗಳಲ್ಲಿ ಒಂದು ಅಲೆ, 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಪದ್ಧತಿ ಜಾರಿಗೆ ಬರುವ ಮುನ್ನ ಇನ್ನೊಂದು, 1964ರಲ್ಲಿ ಮತ್ತೊಂದು. ಸಿಯಾಲ್ದಾ ರೈಲು ನಿಲ್ದಾಣದ ಕಟ್ಟೆಗಳ ಮೇಲೆ ಕುಟುಂಬಗಳು ತಿಂಗಳುಗಟ್ಟಲೆ ಸಂಸಾರ ಹೂಡಿದ್ದವು. ಅವರೆದುರು ಗುಮಾಸ್ತರು ಕಾಗದ ಹಿಡಿದು ಕುಳಿತರು. ಹೆಸರೇನು, ಯಾವ ಜಿಲ್ಲೆ, ಕಸುಬೇನು, ಮನೆಯಲ್ಲಿ ಎಷ್ಟು ಜನ, ಬಂದದ್ದು ಎಂದು?

ಕೊನೆಯ ಪ್ರಶ್ನೆ ನೋಡುವುದಕ್ಕೆ ಎಲ್ಲಕ್ಕಿಂತ ಸಾಧು. ಎಲ್ಲಕ್ಕಿಂತ ಹರಿತವಾದದ್ದೂ ಅದೇ. 1948ರ ಜೂನ್ 25ರ ಆಜ್ಞೆಯಂತೆ, 1947ರ ಜೂನ್ 1ರಿಂದ ಅಂದಿನವರೆಗೆ ಬಂದವರಷ್ಟೇ ನೆರವಿಗೆ ಅರ್ಹರಾದ ನಿರಾಶ್ರಿತರು. ಆಮೇಲೆ 1949ರ ಜನವರಿ 15ಕ್ಕೆ ನೋಂದಣಿಯೇ ಮುಗಿಯಿತೆಂದು ಸಾರಿದರು. ಗಡಿ ದಾಟಿದವನ ಸಂಕಟ ಜೂನ್ 24ಕ್ಕೂ 26ಕ್ಕೂ ಬೇರೆಯಾಗಿರಲಿಲ್ಲ; ಆದರೆ ಬಂದ ದಿನವನ್ನು ನಿಜವಾಗಿ ಹೇಳಿದ ಒಬ್ಬನಿಗೆ ಅಕ್ಕಿ ದೊರೆಯಿತು, ಇನ್ನೊಬ್ಬನ ಹೆಸರು ಪಟ್ಟಿಗೇ ಏರಲಿಲ್ಲ. ಮನೆಯವರ ಲೆಕ್ಕದ ಕಥೆಯೂ ಹಾಗೆಯೇ. ದುಡಿಯಬಲ್ಲ ಗಂಡಸರಿಗೆ ಒಂದು ವಾರಕ್ಕಿಂತ ಹೆಚ್ಚು ಕಾಲ ಪುಕ್ಕಟೆ ನೆರವು ಸಲ್ಲದೆಂದು 1948ರ ನವೆಂಬರಿನಲ್ಲಿ ಗೊತ್ತುಮಾಡಿದರು. ಇಂಥ ಹೊತ್ತಿನಲ್ಲಿ ಬೆಳೆದ ಮಗನ ವಯಸ್ಸನ್ನು ತಾಯಿಯೊಬ್ಬಳು ಹೇಳಬೇಕೋ ಬೇಡವೋ? ಅವಳು ಸುಮ್ಮನಿದ್ದರೆ ಅದು ಅಸಡ್ಡೆಯಲ್ಲ, ಲೆಕ್ಕಾಚಾರ.

ಕಸುಬಿನ ಪ್ರಶ್ನೆ ಇನ್ನೂ ತೊಡಕಿನದು. ರೈತನಿಗೆ ಒಂದು ಯೋಜನೆ, ವ್ಯಾಪಾರಿಗೆ ಒಂದು ಸಾಲ, ವೀಳ್ಯದೆಲೆ ಬೆಳೆಯುವ ಬಾರುಜೀವಿಗಳಿಗೆ ಅವರದೇ ಹೆಸರಿನ ಯೋಜನೆ. ಒಂದಿಷ್ಟು ಗೇಣಿ, ಒಂದಿಷ್ಟು ಅಂಗಡಿ, ಒಂದಿಷ್ಟು ಶಾಲೆಯ ಮೇಷ್ಟ್ರ ಕೆಲಸ ಎಂದು ಬದುಕಿದವನು ಯಾವ ಕಲಮಿಗೆ ಸೇರಬೇಕು? ಎಷ್ಟೋ ಮನೆಗಳ ಜಮೀನಿನ ಪತ್ರಗಳು ಊರಿನಲ್ಲೇ ಉಳಿದಿದ್ದವು, ಗಲಭೆ ತಣ್ಣಗಾದ ಮೇಲೆ ಮರಳಬಹುದೆಂಬ ಆಸೆಯಿಂದ. ಇನ್ನು ಮರ್ಯಾದೆಯ ಮಾತು. ನಿನ್ನೆಯವರೆಗೆ ಹತ್ತು ಜನಕ್ಕೆ ಅನ್ನ ಹಾಕಿದ ಭದ್ರಲೋಕದ ಯಜಮಾನನಿಗೆ ಸಾಲಿನಲ್ಲಿ ನಿಂತು, ಎಲ್ಲರೂ ಕೇಳುವಂತೆ, ತನಗೆ ಏನೇನಿಲ್ಲ ಎಂಬುದನ್ನು ಒಂದೊಂದಾಗಿ ಒಪ್ಪಿಸುವುದು ಹಸಿವಿಗಿಂತ ಕಷ್ಟವೆನಿಸಿದ್ದರೆ ಆಶ್ಚರ್ಯವಿಲ್ಲ.

ಕೇಳುವವರೆಲ್ಲ ಕಟುಕರೆಂದು ಹೇಳುವುದು ಅನ್ಯಾಯ. ಅಂದು ಪುನರ್ವಸತಿ ಇಲಾಖೆಯ ಹೊಣೆ ಹೊತ್ತಿದ್ದ ಹಿರಣ್ಮಯ ಬಂದ್ಯೋಪಾಧ್ಯಾಯರು ಮುಂದೆ 1970ರಲ್ಲಿ 'ಉದ್ವಾಸ್ತು' ಎಂಬ ಪುಸ್ತಕವನ್ನೇ ಬರೆದರು. ಹಣ ಕಡಿಮೆ, ಜನ ಅಪಾರ. 1950ರ ಏಪ್ರಿಲಿನ ನೆಹರೂ–ಲಿಯಾಕತ್ ಒಪ್ಪಂದದ ಹಿಂದೆಯೂ ಇವರೆಲ್ಲ ಮರಳಿ ಹೋಗಬಹುದೆಂಬ ದೆಹಲಿಯ ನಿರೀಕ್ಷೆ ಇತ್ತು. ವಿವರವಿಲ್ಲದೆ ಹಂಚುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದು ಕೇಳಿದವನಿಗೆ ಗೊತ್ತಿತ್ತು, ಹೇಳಬೇಕಾದವನಿಗೆ ಗೊತ್ತಿರಲಿಲ್ಲ. ಕೊಡುವ ಸಲುವಾಗಿ ಕೇಳುತ್ತಿದ್ದಾರೋ, ಕೊಡದಿರಲು ಕಾರಣ ಹುಡುಕುತ್ತಿದ್ದಾರೋ ಎಂಬ ಅನುಮಾನ ಒಮ್ಮೆ ಹುಟ್ಟಿತೆಂದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹೀಗೆ ಕಚೇರಿಯ ಸಾಲು ಬಿಟ್ಟವರಲ್ಲಿ ಅನೇಕರು ಜಾದವಪುರದ ಕಡೆ ಹೋದರು. ಸೈನ್ಯ ಬಿಟ್ಟುಹೋಗಿದ್ದ ಶಿಬಿರದ ಜಾಗದಲ್ಲಿ ಬಿಜೊಯಗಢ ಎದ್ದಿತು. ಬಳಿಕ ಖಾಲಿ ನೆಲಗಳಲ್ಲಿ, ಕೆಲವೆಡೆ ರಾತ್ರೋರಾತ್ರಿ, ಬಿದಿರಿನ ಗುಡಿಸಲುಗಳೆದ್ದು 'ಜಬರ್‌ದಖಲ್' ಕಾಲೊನಿಗಳಾದವು. 1950ರ ಅಂತ್ಯದೊಳಗೆ ಎದ್ದಂಥ 149 ಕಾಲೊನಿಗಳನ್ನು ಸರ್ಕಾರವೂ ಮುಂದೆ ಲೆಕ್ಕಕ್ಕೆ ತೆಗೆದುಕೊಂಡಿತು. ಗಮನಿಸಬೇಕಾದದ್ದು ಇಲ್ಲಿದೆ. ಗುಮಾಸ್ತನ ಮುಂದೆ ತುಟಿ ಬಿಚ್ಚದ ಜನ ಕಾಲೊನಿಯ ಸಮಿತಿಯೆದುರು ಎಲ್ಲವನ್ನೂ ಹೇಳಿದರು: ಊರು, ಕುಲ, ನೆಂಟರು, ಕೈಲಿರುವ ಕಾಸು. ಅಲ್ಲಿ ಕೇಳುವವನೂ ಬರಿಗೈಯಲ್ಲಿ ಬಂದವನೇ. ಸಮಿತಿಗಳನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ಋತ್ವಿಕ್ ಘಟಕ್ ಅವರ 'ಸುವರ್ಣರೇಖಾ' ಚಿತ್ರದ ಆರಂಭದಲ್ಲಿ ನಿರಾಶ್ರಿತರ ಕಾಲೊನಿಯೇ ಕೆಳಜಾತಿಯ ತಾಯಿಯೊಬ್ಬಳಿಗೆ ಜಾಗ ನಿರಾಕರಿಸುತ್ತದೆ. 'ಯಾವ ಜಿಲ್ಲೆ' ಎಂಬ ಪ್ರಶ್ನೆ ಅಲ್ಲಿಯೂ ಹೊರಗಟ್ಟುವ ಆಯುಧವಾಗಬಲ್ಲದಾಗಿತ್ತು.

ತಾರೀಖಿನ ಆಟ ಅಲ್ಲಿಗೆ ನಿಲ್ಲಲಿಲ್ಲ. 1958ರ ಮಾರ್ಚ್ ಅಂತ್ಯದವರೆಗೆ ಬಂದವರು ಹಳಬರು. ಅಲ್ಲಿಂದ 1963ರ ಡಿಸೆಂಬರಿನವರೆಗೆ ಬಂದವರಿಗೆ ನೆರವೇ ಇಲ್ಲ. 1964ರ ಜನವರಿಯಿಂದ 1971ರ ಮಾರ್ಚಿನವರೆಗೆ ಬಂದವರಿಗೆ ನೆರವುಂಟು, ಪಶ್ಚಿಮ ಬಂಗಾಳದ ಹೊರಗೆ ನೆಲಸಲು ಒಪ್ಪಿದರೆ ಮಾತ್ರ. ಹಾಗೆ ಒಪ್ಪಿದವರಲ್ಲಿ ಕೆಲವರು ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿಗೆ ಬಂದರು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ 'ಆರ್.ಎಚ್. ಕ್ಯಾಂಪು'ಗಳೆಂದು ಇಂದಿಗೂ ಕರೆಸಿಕೊಳ್ಳುವ ಊರುಗಳು ಅವರವು. ಅಲ್ಲಿ ಇನ್ನೊಂದು ವಿಪರ್ಯಾಸ ಕಾದಿತ್ತು. ನಮಶೂದ್ರರು ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ. ಒಂದು ನೆಲದಲ್ಲಿ ಹಕ್ಕು ತಂದುಕೊಡುವ ಉತ್ತರ ಇನ್ನೊಂದು ನೆಲದಲ್ಲಿ ಬರಿಯ ಶಬ್ದ. ಊರು ಬಿಟ್ಟು ಬಂದ ನಮಗೂ ಇದರ ರುಚಿ ಅಷ್ಟಿಷ್ಟು ಗೊತ್ತು, ಅವರಷ್ಟು ಕಹಿಯಾಗಿ ಅಲ್ಲ.

2024ರ ಮಾರ್ಚ್ 11ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಹೊರಬಂದವು. ಈ ಸಲ ಗುಮಾಸ್ತನ ಜಾಗದಲ್ಲಿ ಆನ್‌ಲೈನ್ ಅರ್ಜಿ. ಕಾಯ್ದೆಯ ಪರ–ವಿರೋಧದ ವಾದ ಈ ಲೇಖನದ್ದಲ್ಲ. ಆದರೆ ಕಾಯ್ದೆಯನ್ನು ಬಹುಕಾಲ ಬಯಸಿದ್ದ ಮತುವಾ ಸಮುದಾಯದಲ್ಲೇ ಅರ್ಜಿ ತುಂಬಲು ಹಿಂಜರಿಕೆ ಕಾಣಿಸಿತು. ಬಿಟ್ಟುಬಂದ ದೇಶದ ಸರ್ಕಾರ ಕೊಟ್ಟ ಕಾಗದ ಅನೇಕರ ಬಳಿ ಇರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಮತದಾರರ ಚೀಟಿ ಇಟ್ಟುಕೊಂಡವನು ತಾನು ಹೊರನಾಡಿನವನೆಂದು ತನ್ನ ಕೈಯಾರೆ ಬರೆದುಕೊಡಬೇಕಿತ್ತು. ಅರ್ಜಿ ತಿರಸ್ಕೃತವಾದರೆ ಆ ಬರಹದ ಗತಿಯೇನು ಎಂಬುದು ಅವರ ಪ್ರಶ್ನೆ. ಆ ವರ್ಷದ ಜುಲೈಯಲ್ಲಿ ಗೃಹ ಸಚಿವಾಲಯ ಬಿಗಿಯನ್ನು ಸ್ವಲ್ಪ ಸಡಿಲಿಸಿ, ತಂದೆ ತಾಯಿ ಅಥವಾ ಅಜ್ಜ ಅಜ್ಜಿಯರು ಆ ದೇಶದವರೆಂದು ತೋರಿಸುವ ಇಲ್ಲಿನ ಸರ್ಕಾರಿ ದಾಖಲೆಯೂ ಸಾಕೆಂದು ಸ್ಪಷ್ಟಪಡಿಸಿತು. 2014ರ ಡಿಸೆಂಬರ್ 31ಕ್ಕೆ ಮೊದಲೇ ಬಂದದ್ದಕ್ಕೆ ಪುರಾವೆಯನ್ನು ಮಾತ್ರ ಒದಗಿಸಲೇಬೇಕಿತ್ತು.