ದಂಡಿನ ಬ್ಯಾಂಡು, ಕೈಲಾಸಂ ಮಟ್ಟು

ನಮ್ಮ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಂಗಭೂಮಿಯ ಹಿರೀಕರ ಮಾತು ಬಂದಾಗಲೆಲ್ಲ ಗುಬ್ಬಿ ಕಂಪನಿ, ವರದಾಚಾರ್ಯರು, ಮೈಸೂರು ಅರಮನೆಯ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಎಂದು ಎಣಿಸಿ ನಿಲ್ಲಿಸುವುದು ರೂಢಿ. ಪೆರೇಡ್ ಮೈದಾನದ, ಅಂದರೆ ಬ್ರಿಟಿಷರ ದಂಡಿನ, ಕಡೆಯ ನೆಂಟಸ್ತಿಕೆಯನ್ನು ಯಾರೂ ಎತ್ತುವುದಿಲ್ಲ. ಅದೊಂದು ಬಾಕಿ ಈ ಸಂಚಿಕೆಯಲ್ಲಾದರೂ ತೀರಲಿ.

1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಒಂದೆರಡು ವರ್ಷದೊಳಗೆ ಲಂಡನ್ನಿನ ಆಸ್ಟ್ಲಿ ರಂಗಶಾಲೆಯಲ್ಲಿ ಆ ಮುತ್ತಿಗೆಯೇ ಕುದುರೆ ಸಮೇತ ಆಟವಾಯಿತು. ನಮ್ಮ ಊರು ಬಿಳಿಯರ ರಂಗಕ್ಕೆ ಹೋದದ್ದು ಮೊದಲು, ಅವರ ರಂಗ ನಮ್ಮೂರಿಗೆ ಬಂದದ್ದು ಆಮೇಲೆ!

ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ ಬ್ರಿಟಿಷ್ ಪಡೆ ಬೆಂಗಳೂರಿಗೆ ಬಂದು 1809ರಲ್ಲಿ ದಂಡು ಕಟ್ಟಿತು. ಯುದ್ಧವಿಲ್ಲದ ಸಿಪಾಯಿಗೆ ಬೆಳಗಿನ ಕವಾಯತು ಮುಗಿದರೆ ಸಂಜೆಗೆ ಹೆಂಡವೇ ಗತಿ. ಅದಕ್ಕೇ ನಾಟಕಕ್ಕೆ ಅಧಿಕಾರಿಗಳ ಕುಮ್ಮಕ್ಕು. ದಂಡಿನ ರಂಗ ಎಲ್ಲ ಊರುಗಳಲ್ಲೂ ಹೆಚ್ಚುಕಮ್ಮಿ ಒಂದೇ ಬಗೆ: ಮೀಸೆ ಬೋಳಿಸಿದ ಎಳೆಯ ಅಧಿಕಾರಿಯೇ ನಾಯಕಿ, ಪರದೆಯ ಮುಂದೆ ಪಲಟನ್ನಿನ ಬ್ಯಾಂಡು, ಅಂಕಕ್ಕೂ ಅಂಕಕ್ಕೂ ನಡುವೆ ಅವರದೇ ಮೇಳ. 1868ರಲ್ಲಿ ಹುಟ್ಟಿದ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಪಡೆಯ ಕವಾಯತು ಸಭಾಂಗಣವೇ ಮುಂದೆ ಬಿ.ಆರ್.ವಿ. ಥಿಯೇಟರ್ ಆಯಿತು. ಕಬ್ಬನ್ ರಸ್ತೆಯ ಈ ಕಟ್ಟಡ ನಾಟಕ ಕಂಡಿತು, ಸಿನಿಮಾ ಕಂಡಿತು, ಕೊನೆಗೆ ಸೈನಿಕರ ಕ್ಯಾಂಟೀನಾಯಿತು.

ಪೇಟೆಯ ಕನ್ನಡಿಗರಿಗೆ ಆ ಬಾಗಿಲು ದೂರ. ನಾಟಕ ನಾಲ್ಕು ಗೋಡೆಯೊಳಗೆ, ಇಂಗ್ಲಿಷಿನಲ್ಲಿ. ಬ್ಯಾಂಡು ಹಾಗಲ್ಲ, ಅದು ಬೀದಿಯಲ್ಲಿ ನಡೆಯುತ್ತಿತ್ತು, ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಎಲ್ಲರ ಕಿವಿಗೂ ಬೀಳುತ್ತಿತ್ತು. ಹೀಗಾಗಿ ನಮಗೆ ದಕ್ಕಿದ್ದು ವಾದ್ಯ. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಇಂದಿಗೂ ಇಂಗ್ಲಿಷ್ ಬ್ಯಾಂಡು ಬೇರೆ, ಕರ್ನಾಟಕ ಬ್ಯಾಂಡು ಬೇರೆ. ಎರಡನೆಯದರಲ್ಲಿ ಕ್ಲಾರಿಯೋನೆಟ್ಟು ಕೃತಿ ನುಡಿಸುತ್ತದೆ. ನಾಟಕ ಕಂಪನಿಗಳಂತೂ ಊರಿಗೆ ಬಂದ ದಿನ ಗಾಡಿಗೆ ಬೋರ್ಡು ಕಟ್ಟಿ, ಬ್ಯಾಂಡ್‌ಸೆಟ್ಟು ಬಾರಿಸುತ್ತ, ಹ್ಯಾಂಡ್‌ಬಿಲ್ ತೂರುತ್ತ ಹೊರಟರೆ ಮಕ್ಕಳೆಲ್ಲ ಹಿಂದೆ.

ಇನ್ನು ಸಿಪಾಯಿಗಳ ಹಾಡನ್ನೇ ಕನ್ನಡಕ್ಕೆ ತಂದ ನಾಟಕಕಾರ ಕೈಲಾಸಂ. ಭೂವಿಜ್ಞಾನ ಓದಲು ಲಂಡನ್ನಿಗೆ ಹೋದವರು ಮ್ಯೂಸಿಕ್ ಹಾಲ್‌ಗಳ ರುಚಿ ಹತ್ತಿಸಿಕೊಂಡರು. ಜಾಕ್ ಜಡ್ಜ್ 1912ರಲ್ಲಿ ಹಾಡಿದ ‘ಟಿಪ್ಪರರಿ’ ಹಾಡನ್ನು 1914ರ ಯುದ್ಧಕ್ಕೆ ಹೊರಟ ಸಿಪಾಯಿಗಳು ನಡಿಗೆಯ ಹಾಡಾಗಿ ಮಾಡಿಕೊಂಡಿದ್ದರು. ಐರ್ಲೆಂಡಿನ ಆ ಊರು ಕೈಲಾಸಂ ಕೈಯಲ್ಲಿ ತಿಪ್ಪಾರಳ್ಳಿಯಾಯಿತು. ‘ತಿಪ್ಪಾರಳ್ಳಿ ಬಲುದೂರ’ವನ್ನು ಕೂತು ಹಾಡಿದರೆ ಸಪ್ಪೆ, ಎಡಗಾಲು ಬಲಗಾಲು ಹಾಕುತ್ತ ಹಾಡಿ ನೋಡಿ, ಒತ್ತೆಲ್ಲ ಹೆಜ್ಜೆಯ ಮೇಲೇ ಬೀಳುತ್ತದೆ. ಅದನ್ನು ಬರಿ ಅಣಕವೆನ್ನುವವರನ್ನು ನಾನು ಒಪ್ಪೆ. ಊರು ಬಿಟ್ಟವನ ಹಂಬಲ ಎರಡರಲ್ಲೂ ಒಂದೇ. ಕನ್ನಡದ್ದರಲ್ಲಿ ತಮಾಷೆ ಒಂದು ಹಿಡಿ ಜಾಸ್ತಿ. ಅವರ ‘ಕೋಳೀಕೆ ರಂಗ’ನ ಮಟ್ಟೂ ಸೀಮೆಯದೇ. ಆದರೆ ಅದು ನಾಲಗೆ ಹೊರಳಿಸುವ ಆಟ, ಅದರಲ್ಲಿ ಬೂಟಿನ ಸದ್ದಿಲ್ಲ.